ಮಲೆನಾಡಿನಲ್ಲಿ ನಾಟಿ ಹಂದಿ: ಮಳೆ ನೋಡಿಕೊಂಡು ಬಯಲಲ್ಲಿ ಸಾಕುವ ಸಮಗ್ರ ಮಾರ್ಗದರ್ಶಿ

ಯೂಟ್ಯೂಬ್‌ನಲ್ಲಿ ಸಿಗುವ ವಿದೇಶಿ ವಿಡಿಯೊಗಳಲ್ಲಿ ಹಂದಿಗಳು ವರ್ಷವಿಡೀ ಹಸಿರು ಬಯಲಲ್ಲಿ ಅಡ್ಡಾಡಿಕೊಂಡಿರುತ್ತವೆ. ನೋಡಲು ಚಂದ. ಅದನ್ನೇ ನಂಬಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜೂನ್‌ನಲ್ಲಿ ಹಂದಿ ತಂದು ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬಿಟ್ಟರೆ ಆಗಸ್ಟ್ ಹೊತ್ತಿಗೆ ಹುಲ್ಲು ಹೋಗಿ ಬರೀ ಕೆಸರು ಉಳಿಯುತ್ತದೆ. ಮೇಲ್ಮಣ್ಣು ಹಳ್ಳ ಸೇರಿರುತ್ತದೆ. ಹಂದಿ ಕೆಮ್ಮಲು ಶುರು ಮಾಡಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಭದ್ರಾವತಿ ಕಡೆ ಅದರ ಕಾಲುಭಾಗವೂ ಬೀಳುವುದಿಲ್ಲ. ಶಿವಮೊಗ್ಗ ಜಿಲ್ಲೆಯೊಂದರೊಳಗೇ ಇಷ್ಟು ವ್ಯತ್ಯಾಸ ಇರುವಾಗ ಬೇರೆ ದೇಶದ ಪದ್ಧತಿ ಹಾಗೇ ಎತ್ತಿ ತಂದರೆ ನಡೆಯುತ್ತದಾ?

ಘಟ್ಟದ ಸೆರಗಿನ ಮಲೆನಾಡಿಗೆ ನಾನು ಹೇಳುವ ಲೆಕ್ಕ ಇಷ್ಟೇ: ಎಂಟು ತಿಂಗಳು ಬಯಲು, ನಾಲ್ಕು ತಿಂಗಳು ಸೂರು. ಗಬ್ಬ ಕಟ್ಟಿಸುವುದು, ಮರಿ ಹಾಕಿಸುವುದು, ಮೇಯಿಸುವುದು, ಮಾರುವುದು ಎಲ್ಲವನ್ನೂ ಈ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. ಹೊಂದಿಕೊಂಡರೆ ಹಂದಿಯಷ್ಟು ಸಲೀಸಾದ ಪ್ರಾಣಿ ಇನ್ನೊಂದಿಲ್ಲ.

ವರ್ಷದ ಲೆಕ್ಕ ಮೊದಲು ಹಾಕಿ

ಹಂದಿ ಗಬ್ಬ ನಿಲ್ಲುವುದು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನೆನಪಿಟ್ಟುಕೊಂಡರೆ ಸಾಕು. ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜುಲೈ 10ರ ಆಸುಪಾಸು ಗಂಡು ಕೂಡಿಸಿದರೆ ನವೆಂಬರ್ 1ಕ್ಕೆ ಮರಿ. ಅಷ್ಟರಲ್ಲಿ ಭೂಮಿ ಹುಣ್ಣಿಮೆ ಮುಗಿದು ಮಳೆ ಹಿಂದಾಗಿರುತ್ತದೆ, ಕಡು ಚಳಿ ಇನ್ನೂ ಬಂದಿರುವುದಿಲ್ಲ. ಎಂಟು ವಾರಕ್ಕೆ ಹಾಲು ಬಿಡಿಸಿದರೆ ಡಿಸೆಂಬರ್ ಕೊನೆ. ಆಗ ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿ ಇರುತ್ತದೆ. ಉದುರಿದ ಕಾಳು ಮರಿಗಳ ಪಾಲು. ಏಪ್ರಿಲ್‌ನಿಂದ ಹಲಸು ಬೀಳಲು ಶುರು. ಮೃಗಶಿರ ಹಿಡಿಯುವ ಹೊತ್ತಿಗೆ ಮರಿಗಳಿಗೆ ಏಳು ತಿಂಗಳು ತುಂಬಿರುತ್ತದೆ. ಅಷ್ಟರಲ್ಲಿ ದೊಡ್ಡವನ್ನು ಮಾರಿ, ಹೆತ್ತ ಹೆಣ್ಣುಗಳನ್ನೂ ಗಂಡನ್ನೂ ಸೂರಿನಡಿ ತಂದುಕೊಳ್ಳುವುದು.

ವರ್ಷಕ್ಕೆ ಎರಡು ಸಲ ಮರಿ ಹಾಕಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಿಸಬಹುದು. ಹಾಲು ಬಿಡಿಸಿದ ವಾರದೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಆದರೆ ಆ ಎರಡನೇ ಸೂಲಿನ ಮರಿ ಹುಟ್ಟುವುದು ಏಪ್ರಿಲ್ ಕೊನೆಗೋ ಮೇ ಮೊದಲಿಗೋ, ಹಾಲು ಬಿಡುವುದು ಆರಿದ್ರಾ ಮಳೆಯಲ್ಲಿ. ಅವು ಬೆಳೆಯುವ ಕಾಲವೆಲ್ಲ ಸೂರಿನಡಿಯೇ ಕಳೆಯುತ್ತದೆ, ತಿಂಡಿ ಖರ್ಚೆಲ್ಲ ನಿಮ್ಮದೇ. ಹೊಸಬರು ಮೊದಲ ಎರಡು ವರ್ಷ ಒಂದೇ ಸೂಲಿಗೆ ನಿಲ್ಲಿಸುವುದು ಒಳ್ಳೆಯದು.

ಯಾವ ತಳಿ

ದೇಶಿ ಹಂದಿ ತಳಿಗಳನ್ನು ನೋಂದಾಯಿಸುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ. ಪಶ್ಚಿಮ ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘ, ನಾಗಾಲ್ಯಾಂಡ್‌ನ ತೆನ್ಯಿ ವೊ, ಅಸ್ಸಾಮಿನ ಡೂಮ್, ಉತ್ತರ ಪ್ರದೇಶದ ಘುರ್ರಾ ಎಲ್ಲ ಆ ಪಟ್ಟಿಯಲ್ಲಿವೆ. ನಮಗೆ ಹತ್ತಿರದ್ದು ಗೋವಾದ ಅಗೊಂಡ ಗೋವನ್. ಘಟ್ಟದ ಕೆಳಗಿನ ಮಳೆಗೂ ಸೆಕೆಗೂ ಒಗ್ಗಿದ ಸಣ್ಣ ಕಪ್ಪು ಹಂದಿ ಅದು. ಹಳೇ ಗೋವಾದಲ್ಲಿರುವ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಆ ತಳಿಯ ಮೇಲೆ ಕೆಲಸ ಮಾಡಿದೆ. ಘುಂಗ್ರೂ ದೊಡ್ಡದು, ಮುಖ ಸುಕ್ಕುಸುಕ್ಕು, ಕಿವಿ ಅಗಲ, ಸಾಧು, ಮರಿ ಜಾಸ್ತಿ. ಗುವಾಹಟಿ ಹತ್ತಿರದ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಘುಂಗ್ರೂವನ್ನು ಹ್ಯಾಂಪ್‌ಶೈರ್ ಜೊತೆ ಕೂಡಿಸಿ 'ರಾಣಿ' ಎಂಬ ಮಿಶ್ರ ತಳಿ ಮಾಡಿದೆ.

ಇದೆಲ್ಲ ಕೈಗೆ ಸಿಗದಿದ್ದರೆ ನಮ್ಮೂರ ನಾಟಿ ಹಂದಿಯೇ ಆಗಬಹುದು. ಉದ್ದ ಮೂತಿ, ಬೆನ್ನ ಮೇಲೆ ಬಿರುಸು ಕೂದಲು, ಗಟ್ಟಿ ಕಾಲು. ಕಪ್ಪು ಚರ್ಮವಾದ್ದರಿಂದ ಬಿಸಿಲಿಗೆ ಸುಟ್ಟುಕೊಳ್ಳುವುದಿಲ್ಲ. ಬಿಳಿ ಯಾರ್ಕ್‌ಶೈರ್ ತಂದು ಮಾರ್ಚ್ ಬಿಸಿಲಿಗೆ ಬಿಟ್ಟರೆ ಅದರ ಬೆನ್ನು ಸಿಪ್ಪೆ ಏಳುತ್ತದೆ. ಆದರೆ ನಾಟಿ ಹಂದಿ ನಿಧಾನ. ವರ್ಷಕ್ಕೆ 40ರಿಂದ 60 ಕೆ.ಜಿ. ತೂಗಿದರೆ ಖುಷಿಪಡಿ. ಮಿಶ್ರ ತಳಿಯ ಎಂಟು ತಿಂಗಳ ತೂಕಕ್ಕೆ ಇದನ್ನು ಹೋಲಿಸಿ ಬೇಜಾರು ಮಾಡಿಕೊಳ್ಳುವವರು ಇದಕ್ಕೆ ಕೈ ಹಾಕದಿರುವುದೇ ವಾಸಿ.

ಕಾಡುಹಂದಿ ಮರಿ ಹಿಡಿದು ತಂದು ಸಾಕುವ ಯೋಚನೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮೊದಲ ವರ್ಷಕ್ಕೆ ಎರಡು ಹೆಣ್ಣು, ಬೇರೆ ಕಡೆಯಿಂದ ತಂದ ಒಂದು ಗಂಡು, ಮೂರು ಬೀಜ ಒಡೆದ ಗಂಡು ಮರಿ ಸಾಕು. ಅಕ್ಟೋಬರ್‌ನಲ್ಲಿ ಎರಡು ಮೂರು ತಿಂಗಳ ಮರಿ ತಂದರೆ ಮುಂದಿನ ಪುನರ್ವಸುವಿಗೆ ಹೆಣ್ಣುಗಳಿಗೆ ಹನ್ನೊಂದು ತಿಂಗಳು ದಾಟಿರುತ್ತದೆ, ಕೂಡಿಸಲು ಸರಿಯಾದ ಪ್ರಾಯ. ಮರಿ ಕೊಳ್ಳುವಾಗ ಬಾಲದ ಬುಡ ನೋಡಿ, ಭೇದಿಯ ಕಲೆ ಇರಬಾರದು. ಕೆಮ್ಮಬಾರದು, ಕಿವಿಯೊಳಗೆ ಕಜ್ಜಿ ಇರಬಾರದು. ಹೆಣ್ಣು ಮರಿಯಾದರೆ ಮೊಲೆ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ತಳಿಗೆ ಇಟ್ಟುಕೊಳ್ಳಬೇಡಿ. ತಂದ ಮರಿಗಳನ್ನು 30 ದಿನ ಬೇರೆಯೇ ಇಡಿ. ಹಂದಿ ಸಂತೆಯಿಂದ ಮಾತ್ರ ತರಬೇಡಿ, ಎಲ್ಲೆಲ್ಲಿಯ ರೋಗವೂ ಅಲ್ಲಿ ಸೇರಿರುತ್ತದೆ.

ಜಾಗ: ಎಲ್ಲಿ ಬಿಡಬೇಕು, ಎಲ್ಲಿ ಬಿಡಲೇಬಾರದು

ಅಡಿಕೆ ತೋಟಕ್ಕೆ ಬಿಡಲೇಬಾರದು. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಹಂದಿ ಒಂದು ದಿನದಲ್ಲಿ ಬುಡ ಬಿಚ್ಚಿ ಹಾಕುತ್ತದೆ. ಮೇಲಾಗಿ ಕೊಳೆರೋಗಕ್ಕೆ ಹೊಡೆದ ಬೋರ್ಡೊ ದ್ರಾವಣದ ತಾಮ್ರ ವರ್ಷಗಟ್ಟಲೆಯಿಂದ ಆ ಮಣ್ಣಲ್ಲಿ ಕೂತಿರುತ್ತದೆ. ತೋಟಕ್ಕೆ ಹಂದಿಯ ಗೊಬ್ಬರ ಹೋಗಲಿ, ಹಂದಿ ಬೇಡ.

ಸೊಪ್ಪಿನ ಬೆಟ್ಟದಲ್ಲಿ (ತೋಟದವರಿಗೆಂದು ಬಿಟ್ಟ ಕಾಡಿನ ಭಾಗ) ನಿಮಗಿರುವುದು ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸವಲತ್ತು. ಅಲ್ಲಿ ಬೇಲಿ ಹಾಕಿ ಹಂದಿ ಬಿಟ್ಟರೆ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ಸ್ವಂತ ಹಿಡುವಳಿಯ ಬ್ಯಾಣ, ಕೊಯ್ಲಾದ ಗದ್ದೆ, ಹೊಸದಾಗಿ ಗಿಡ ಹಾಕಬೇಕೆಂದಿರುವ ಪಾಳು ಜಾಗ, ಈ ಮೂರೇ ನಮ್ಮ ಬಯಲು. ಪಾಳು ಜಾಗದಲ್ಲಂತೂ ಹಂದಿಯ ಕೆಲಸ ನೋಡಬೇಕು. ಜೇಕಿನ ಗಡ್ಡೆ, ಬೇರುಹುಳ, ಕಮ್ಯುನಿಸ್ಟ್ ಗಿಡವೆಂಬ ಕಳೆಯ ಬುಡ ಎಲ್ಲವನ್ನೂ ಮೂತಿಯಲ್ಲೇ ಎಬ್ಬಿಸಿ ಹಾಕುತ್ತದೆ. ಮೂಗಿಗೆ ಬಳೆ ಹಾಕಿ ಕೆದಕದಂತೆ ಮಾಡುವ ಪದ್ಧತಿಯೂ ಇದೆ. ನನಗದು ಸರಿ ಕಾಣುವುದಿಲ್ಲ. ಕೆದಕದ ಹಂದಿಯನ್ನು ಬಯಲಿಗೆ ಬಿಟ್ಟು ಏನು ಪ್ರಯೋಜನ?

ಬಾವಿ ಮತ್ತು ಹಳ್ಳದಿಂದ ನೂರು ಅಡಿ ದೂರ ಇರಲಿ. ತೀರಾ ಇಳಿಜಾರು ಬೇಡ. ಗದ್ದೆಗೆ ಬಿಡುವಾಗ ಬದುವಿನಿಂದ ಮೂರಡಿ ಒಳಗೆ ತಂತಿ ಎಳೆಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ಹೊಸ ಬದು ಕಟ್ಟುವ ಕೂಲಿ ನಿಮ್ಮ ತಲೆ ಮೇಲೆ.

ಕಾಸರಕನ ಮರ ಇದ್ದರೆ ಅದರಡಿ ಬೇಲಿಯಿಂದ ಹೊರಗಿರಲಿ. ಅದರ ಬೀಜ ವಿಷ. ಹರಳು ಗಿಡ, ಲಂಟಾನ ಕೂಡ ತೆಗೆದುಬಿಡಿ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಗೊತ್ತಿರುವುದೇ: ಕಾಡುಹಂದಿಗೆಂದು ಯಾರೋ ಇಟ್ಟ ಸಿಡಿಮದ್ದು. ದನಗಳ ಬಾಯಿ ಛಿದ್ರವಾದದ್ದು ಎಷ್ಟೋ ಇದೆ. ಕಾಡಂಚಿನ ಜಾಗವಾದರೆ ಹೊಸ ಪಟ್ಟಿಗೆ (ಬೇಲಿ ಹಾಕಿ ಬೇರ್ಪಡಿಸಿದ ತುಂಡು ಜಾಗಕ್ಕೆ) ಬಿಡುವ ಮುಂಚೆ ಒಂದು ಸುತ್ತು ನಡೆದು ನೋಡಿ.

ಬೇಲಿ, ಮತ್ತು ಬೇಲಿಯ ಪಾಠ

ಹೊರಗೆ ಅಗಳ (ಕಂದಕ), ಒಳಗೆ ಸೋಲಾರ್ ಬೇಲಿ. ಎರಡರ ನಡುವೆ ಐದಾರು ಅಡಿ ಖಾಲಿ ಜಾಗ. ಕಾಡುಹಂದಿ ಬಂದು ನಿಮ್ಮ ಹೆಣ್ಣಿನ ಮೂತಿಗೆ ಮೂತಿ ತಾಗಿಸಬಾರದು, ಅದಕ್ಕೇ ಈ ಏರ್ಪಾಡು. ತಾಗಿದರೆ ರೋಗ ಬರುತ್ತದೆ, ಬೇಲಿ ದಾಟಿದರೆ ಗೆರೆಗೆರೆ ಮರಿ ಹುಟ್ಟುತ್ತವೆ.

ದೊಡ್ಡ ಹಂದಿಗೆ ಎರಡು ಎಳೆ ತಂತಿ ಸಾಕು. ಕೆಳಗಿನದು ನೆಲದಿಂದ 8 ಇಂಚು, ಮೇಲಿನದು 18 ಇಂಚು. ಮರಿ ಇದ್ದರೆ 4–5 ಇಂಚಿಗೆ ಇನ್ನೊಂದು ಎಳೆ. ತಂತಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಎನರ್ಜೈಸರ್ ಯಂತ್ರ ಮಾತ್ರ ಬಳಸಿ. ಮನೆಯ ಕರೆಂಟ್ ನೇರ ಕೊಟ್ಟರೆ ಹಂದಿಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ, ಜೈಲೂ ಆಗುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ. ಫೆಬ್ರವರಿ ನಂತರ ಅರ್ಥಿಂಗ್ ಸಲಾಕೆಯ ಬುಡಕ್ಕೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಹಂದಿಗೆ ಬೇಲಿ ಕಲಿಸಬೇಕು. ಇದನ್ನು ಬಿಟ್ಟವರೇ ಜಾಸ್ತಿ. ಹೊಸ ಹಂದಿ ತಂತಿಯ ಹತ್ತಿರ ಬಂದು ಒದ್ದೆ ಮೂಗಿನಿಂದ ಮೂಸುತ್ತದೆ. ಹೊಡೆತ ಬೀಳುತ್ತದೆ. ಆಗ ಅದು ಹಿಂದೆ ಸರಿಯುವುದಿಲ್ಲ, ಕಿರುಚಿಕೊಂಡು ಮುಂದಕ್ಕೇ ನುಗ್ಗುತ್ತದೆ, ತಂತಿ ಕಿತ್ತುಕೊಂಡು ಆಚೆ ಹೋಗುತ್ತದೆ. ಒಂದು ಸಲ ಹಾಗೆ ಹೋದ ಹಂದಿಗೆ ಬೇಲಿಯ ಭಯ ಹೋಯಿತೆಂದೇ ಲೆಕ್ಕ. ಹಾಗಾಗಿ ಮೊದಲು ಗಟ್ಟಿ ಹಲಗೆ ಅಥವಾ ಕಲ್ಲುಗೋಡೆಯ ಸಣ್ಣ ದೊಡ್ಡಿ ಮಾಡಿ. ಗೋಡೆಗಿಂತ ಎರಡಡಿ ಒಳಗೆ ತಂತಿ ಎಳೆಯಿರಿ. ಮುಂದೆ ಗೋಡೆ ಕಾಣುತ್ತಿರುವುದರಿಂದ ಹೊಡೆತ ಬಿದ್ದಾಗ ಹಂದಿ ಹಿಂದಕ್ಕೆ ಹಾರುತ್ತದೆ. ಅದೇ ಅಭ್ಯಾಸವಾಗುತ್ತದೆ. ಎರಡು ಮೂರು ದಿನ ಅಲ್ಲಿದ್ದರೆ ಆಮೇಲೆ ಬಯಲಲ್ಲಿ ತಂತಿ ಕಂಡರೆ ಸಾಕು, ಅಷ್ಟು ದೂರದಲ್ಲೇ ನಿಲ್ಲುತ್ತದೆ. ತಂತಿ ತೆಗೆದ ಮೇಲೂ ಆ ಗೆರೆ ದಾಟಲು ಹಿಂದೆಮುಂದೆ ನೋಡುತ್ತದೆ. ಹೊಸ ಪಟ್ಟಿಗೆ ಹೊಡೆಯುವಾಗ ಬಕೆಟ್ ಬಡಿದು ಕರೆಯಬೇಕಾಗುವುದು ಅದಕ್ಕೇ.

ಒಂದು ಎಕರೆಯನ್ನು ಆರು ಪಟ್ಟಿ ಮಾಡಿ. ತಲಾ ಆರು ಗುಂಟೆ, ಉಳಿದ ನಾಲ್ಕು ಗುಂಟೆ ಸೂರಿಗೂ ಓಣಿಗೂ. ಒಂದು ಪಟ್ಟಿಯಲ್ಲಿ ವಾರದಿಂದ ಹತ್ತು ದಿನ. ದಿನ ಎಣಿಸುವುದಕ್ಕಿಂತ ನೆಲ ನೋಡುವುದು ಒಳ್ಳೆಯದು: ಮೂರನೇ ಒಂದು ಭಾಗ ಮಣ್ಣು ಮೇಲೆದ್ದಿತೋ, ಮುಂದಿನ ಪಟ್ಟಿಗೆ ಹೊಡೆಯಿರಿ. ಕೆದಕಿದ ನೆಲಕ್ಕೆ ಅವತ್ತೇ ಬೀಜ ಚೆಲ್ಲಿ. ಅಕ್ಟೋಬರ್–ನವೆಂಬರ್‌ನಲ್ಲಾದರೆ ಹುರುಳಿ, ಅಲಸಂದೆ ನೆಲದ ತೇವಕ್ಕೇ ಹುಟ್ಟುತ್ತವೆ. ಒಂದು ಪಟ್ಟಿಗೆ ಗೆಣಸಿನ ಬಳ್ಳಿ ಹಾಕಿಬಿಡಿ. ಕೀಳುವ ಕೂಲಿ ಉಳಿಯುತ್ತದೆ, ಹಂದಿಯೇ ಕಿತ್ತು ತಿನ್ನುತ್ತದೆ. ಎಕರೆಗೆ ಹತ್ತು ಬೆಳೆಯುವ ಹಂದಿ ಎಂದು ಹೇಳುವವರಿದ್ದಾರೆ. ನಮ್ಮ ಮಣ್ಣಿಗೆ ಆರು ಸಾಕು.

ಮಳೆಗಾಲದ ಸೂರು

ನಮ್ಮ ಹಿರಿಯರು ದನದ ಕೊಟ್ಟಿಗೆಗೆ ಸೊಪ್ಪು, ದರಗು ಹಾಸಿ ಗೊಬ್ಬರ ಮಾಡಿದ ಹಾಗೆಯೇ ಹಂದಿಗೂ ಮಾಡುವುದು. ನೆಲಕ್ಕೆ ಸಿಮೆಂಟ್ ಬೇಡ. ಎತ್ತರದ ಜಾಗ ನೋಡಿ, ಸುತ್ತ ಚರಂಡಿ ತೆಗೆದು, ಮಾಡು ಇಳಿಸಿ ಹೊದಿಸಿ. ಗಾಳಿಮಳೆ ಬರುವ ಪಡುವಣ ಬದಿಗೆ ಅಡಿಕೆ ಸೋಗೆಯ ತಡಿಕೆ ಕಟ್ಟಿ. ನೆಲದ ಮೇಲೆ ಎರಡೂವರೆ ಅಡಿ ದಪ್ಪ ಹಾಸು: ಕೆಳಗೆ ಅಡಿಕೆ ಸಿಪ್ಪೆ, ಅದರ ಮೇಲೆ ದರಗು, ಒಣಹುಲ್ಲು, ಮರದ ಹೊಟ್ಟು. ಒಂದು ಹಂದಿಗೆ 20 ಚದರ ಅಡಿಗಿಂತ ಕಡಿಮೆ ಬೇಡ. ದರಗನ್ನು ಬೇಸಿಗೆಯಲ್ಲೇ ಗುಡಿಸಿ ಒಟ್ಟಿಟ್ಟುಕೊಳ್ಳಿ, ಮಳೆ ಹಿಡಿದ ಮೇಲೆ ಒಣಗಿದ್ದು ಎಲ್ಲಿಂದ ತರುತ್ತೀರಿ?

ಹಂದಿ ಕೊಳಕು ಎನ್ನುವವರು ಈ ಸೂರಿನಲ್ಲಿ ಒಂದು ಬೆಳಗ್ಗೆ ನಿಲ್ಲಬೇಕು. ಮಲಗಲು ಒಂದು ಮೂಲೆ, ಹೇಲಲು ಇನ್ನೊಂದು ಮೂಲೆ ಎಂದು ಅವೇ ಗೊತ್ತು ಮಾಡಿಕೊಳ್ಳುತ್ತವೆ. ನೀರಿನ ತೊಟ್ಟಿ ಇಟ್ಟ ಒದ್ದೆ ಮೂಲೆಯೇ ಹೆಚ್ಚಾಗಿ ಪಾಯಿಖಾನೆ. ಆದ್ದರಿಂದ ತೊಟ್ಟಿ ಎಲ್ಲಿಡಬೇಕೆಂದು ಯೋಚಿಸಿ ಇಡಿ. ಆ ಮೂಲೆಗೆ ದಿನಾ ಒಂದು ಬುಟ್ಟಿ ದರಗು ಹಾಕಿ. ಹಾಸಿನಡಿ ಹಿಡಿ ಹುರುಳಿ ಚೆಲ್ಲಿದರೆ ಹಂದಿಗಳೇ ಕೆದಕಿ ಮಗುಚುತ್ತವೆ. ವಾಸನೆ ಬಂತೆಂದರೆ ಹಾಸು ಸಾಲದು ಎಂದು ಅರ್ಥ. ಅಕ್ಟೋಬರ್‌ನಲ್ಲಿ ಎಲ್ಲ ತೆಗೆದು ರಾಶಿ ಹಾಕಿ, ನಾಲ್ಕು ತಿಂಗಳು ಕಳಿಸಿ, ಆಮೇಲೆ ತೋಟಕ್ಕೆ. ಹಸಿಯಾಗಿ ಹಾಕಬೇಡಿ, ತರಕಾರಿ ಮಡಿಗಂತೂ ಬೇಡವೇ ಬೇಡ.

ತಿಂಡಿ

ಬಯಲಿಗೆ ಬಿಟ್ಟರೆ ತಿಂಡಿ ಖರ್ಚೇ ಇಲ್ಲ ಎಂಬುದು ಸುಳ್ಳು. ಹಂದಿ ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ, ಬರೀ ಹುಲ್ಲಲ್ಲಿ ಬೆಳೆಯುವುದಿಲ್ಲ. ಬಯಲಿನಿಂದ ಉಳಿತಾಯ ಆಗುವುದು ಹೆಚ್ಚೆಂದರೆ ಕಾಲುಭಾಗ.

ಹಾಲು ಬಿಟ್ಟ ಮರಿಗೆ ಹತ್ತು ಕೆ.ಜಿ. ಮಿಶ್ರಣದ ಲೆಕ್ಕ: ನುಚ್ಚು ಅಥವಾ ಮೆಕ್ಕೆಜೋಳ 4.5 ಕೆ.ಜಿ., ತೌಡು 3 ಕೆ.ಜಿ., ಶೇಂಗಾ ಹಿಂಡಿ 1.5 ಕೆ.ಜಿ., ಉಪ್ಪಿಲ್ಲದ ಮೀನಿನ ಪುಡಿ 800 ಗ್ರಾಂ, ಖನಿಜ ಮಿಶ್ರಣ 150 ಗ್ರಾಂ, ಉಪ್ಪು 50 ಗ್ರಾಂ. ಪ್ರೋಟೀನ್ ಶೇ 18ರ ಹತ್ತಿರ ಬರುತ್ತದೆ. ಮೂವತ್ತು ಕೆ.ಜಿ. ದಾಟಿದ ಮೇಲೆ ಮೀನು ಬಿಟ್ಟು ನುಚ್ಚು, ತೌಡು ಸ್ವಲ್ಪ ಏರಿಸಿ. ಮೂವತ್ತು ಕೆ.ಜಿ. ಹಂದಿಗೆ ದಿನಕ್ಕೆ ಒಂದು ಕೆ.ಜಿ. ಆಸುಪಾಸು ಇದು ಸಾಕು, ಉಳಿದದ್ದು ತೋಟದಿಂದ. ಹಿಂಡಿ, ಜೋಳ ಮಳೆಗಾಲದಲ್ಲಿ ಬೂಸು ಹಿಡಿದರೆ ಎಸೆಯಿರಿ. ಬೂಸಿನ ಜೋಳ ತಿಂದ ಗಬ್ಬದ ಹಂದಿ ಕಂದು ಹಾಕುವುದುಂಟು.

ತೋಟದಿಂದ ಏನೇನು? ಬಾಳೆದಿಂಡು ಕೊಚ್ಚಿ ಹಾಕಬಹುದು, ಹೊಟ್ಟೆ ತುಂಬುತ್ತದೆ, ಸತ್ವ ಕಡಿಮೆ. ಕುಂಬಳಕಾಯಿ, ನುಗ್ಗೆ ಸೊಪ್ಪು, ಅಜೋಲಾ ಹಸಿಯಾಗಿಯೇ. ಕೆಸುವನ್ನು ಬೇಯಿಸಲೇಬೇಕು, ಹಸಿ ತಿಂದರೆ ಮನುಷ್ಯರಿಗೆ ಹೇಗೋ ಹಂದಿಗೂ ಗಂಟಲು ತುರಿಸುತ್ತದೆ. ಮರಗೆಣಸಿನಲ್ಲಿ ಸಯನೈಡ್ ಇದೆ, ಹೋಳು ಮಾಡಿ ಒಣಗಿಸಿ ಅಥವಾ ಬೇಯಿಸಿ ಕೊಡಿ. ಹಸಿ ಕಳಲೆಯ ಕಥೆಯೂ ಅದೇ.

ಹಲಸು ನಮ್ಮ ದೊಡ್ಡ ಆಸ್ತಿ. ಏಪ್ರಿಲ್‌ನಿಂದ ಜುಲೈವರೆಗೆ ಮರದಡಿ ಕೊಳೆತು ನೊಣ ಕಟ್ಟುವ ಹಣ್ಣೆಲ್ಲ ಹಂದಿಯ ಮೈಗೆ ಹೋಗುತ್ತದೆ. ತೊಳೆ, ಶಾಡೆ, ಸಿಪ್ಪೆ ಎಲ್ಲ ತಿನ್ನುತ್ತವೆ. ಬೀಜ ಮಾತ್ರ ಬೇಯಿಸಿದರೆ ಚೆನ್ನಾಗಿ ಅರಗುತ್ತದೆ. ಬರೀ ಹಲಸು ಕೊಟ್ಟರೆ ಹಂದಿ ಉಬ್ಬುತ್ತದೆ, ಬೆಳೆಯುವುದಿಲ್ಲ. ಹಲಸಿನ ಕಾಲದಲ್ಲಿ ನುಚ್ಚು ಕಡಿಮೆ ಮಾಡಿ, ಹಿಂಡಿ ಕಡಿಮೆ ಮಾಡಬೇಡಿ.

ಹೋಟೆಲ್ ಮುಸುರೆ ಬೇಡ. ಇದಕ್ಕೆ ವಿನಾಯಿತಿ ಇಲ್ಲ, ಕಾರಣ ಮುಂದೆ ಇದೆ.

ನೀರು ದೊಡ್ಡ ಹಂದಿಗೆ ದಿನಕ್ಕೆ 8–10 ಲೀಟರ್, ಹಾಲೂಡುವ ತಾಯಿಗೆ 20–30 ಲೀಟರ್. ನೀರು ತಪ್ಪಿದರೆ ಉಪ್ಪು ತಲೆಗೇರಿ ಸಾಯುತ್ತದೆ. ಹಂದಿ ಬೆವರುವುದಿಲ್ಲ, ಮಾರ್ಚ್‌ನಿಂದ ಮೇವರೆಗೆ ಮರದ ನೆರಳಿನಲ್ಲಿ ಒಂದು ಕೆಸರು ಗುಂಡಿ ಇರಲೇಬೇಕು.

ಸಾವಯವ ಪ್ರಮಾಣಪತ್ರ ಬೇಕೆಂದರೆ ತಿಂಡಿಯೂ ಸಾವಯವ ಆಗಿರಬೇಕು, ಮಿಲ್ಲಿನ ತೌಡು ಆಗ ಲೆಕ್ಕಕ್ಕಿಲ್ಲ. ಔಷಧಿ ಕೊಟ್ಟರೆ ಮಾಂಸಕ್ಕೆ ಕಾಯುವ ಅವಧಿ ಸಾಮಾನ್ಯವಾಗಿ ದುಪ್ಪಟ್ಟು. ಪರಿಚಯದ ಗಿರಾಕಿಗಳಿಗೇ ಮಾರುವವರು ಪ್ರಮಾಣಪತ್ರದ ಹಿಂದೆ ಬೀಳುವ ಬದಲು ಏನು ತಿನ್ನಿಸುತ್ತೇವೆಂದು ತೋರಿಸಿದರೆ ಸಾಕು.

ಬೆದೆ, ಗಬ್ಬ, ಮರಿ

ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಎರಡು ಮೂರು ದಿನ ಇರುತ್ತದೆ. ಬೆನ್ನ ಮೇಲೆ ಎರಡೂ ಅಂಗೈ ಊರಿ ಒತ್ತಿ. ಕಿವಿ ನೆಟ್ಟಗೆ ಮಾಡಿ ಕಲ್ಲಾಗಿ ನಿಂತರೆ ಸಮಯ ಸರಿ. ಅವತ್ತು ಒಮ್ಮೆ, ಮರುದಿನ ಇನ್ನೊಮ್ಮೆ ಕೂಡಿಸಿ. ಎರಡು ವರ್ಷಕ್ಕೊಮ್ಮೆ ಗಂಡು ಬದಲಿಸಿ. ಊರೂರಿಗೆ ಬೀಜದ ಗಂಡನ್ನು ಎರವಲು ಕೊಡುವುದು ತರುವುದು ಎರಡೂ ಬೇಡ.

ಮರಿ ಹಾಕುವ ಗೂಡು ಬೇರೆ, ಸುಮಾರು 8 ಅಡಿ ಉದ್ದ 6 ಅಡಿ ಅಗಲ. ಗೋಡೆಯಿಂದ ಎಂಟು ಇಂಚು, ನೆಲದಿಂದ ಎಂಟು ಇಂಚು ಬಿಟ್ಟು ಸುತ್ತ ಗಳ ಕಟ್ಟಿ. ತಾಯಿ ಗೋಡೆಗೆ ಒರಗಿ ಮಲಗುವಾಗ ಮರಿ ಅದರಡಿ ತೂರಿಕೊಂಡು ಬದುಕುತ್ತದೆ. ದಿನ ಹತ್ತಿರವಾದಂತೆ ಒಣಹುಲ್ಲು, ಸೋಗೆ ಬಾಗಿಲ ಬಳಿ ಹಾಕಿಡಿ. ಹಿಂದಿನ ದಿನ ನಾಟಿ ಹಂದಿಯನ್ನು ನೋಡಬೇಕು. ಮಧ್ಯಾಹ್ನದ ತಿಂಡಿ ಅರ್ಧಕ್ಕೇ ಬಿಡುತ್ತದೆ. ಮುಂಗಾಲಿನಲ್ಲಿ ಗುಂಡಿ ತೋಡುತ್ತದೆ, ಬಾಯಿ ತುಂಬ ಸೋಗೆ ಕಚ್ಚಿಕೊಂಡು ಬರುತ್ತದೆ, ಹಾಕುತ್ತದೆ, ಸುತ್ತು ತಿರುಗಿ ನೋಡುತ್ತದೆ, ಸರಿಯಿಲ್ಲವೆಂದು ಎಲ್ಲ ಎಳೆದು ಹೊರಗೆಸೆದು ಮತ್ತೆ ತರುತ್ತದೆ. ಮೊಲೆ ಒತ್ತಿದರೆ ಹಾಲು ಬಂದಿತೋ, ಇನ್ನು ಒಂದು ದಿನದೊಳಗೆ ಮರಿ. ಗೂಡು ಕಟ್ಟುವಾಗ ಅಡ್ಡ ಹೋಗಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸಾಧು ಹಂದಿಯೂ ಆ ದಿನ ಸಾಧುವಾಗಿರುವುದಿಲ್ಲ.

ನಾಟಿ ಹಂದಿ ನಾಲ್ಕರಿಂದ ಎಂಟು ಮರಿ ಹಾಕುತ್ತದೆ. ಹುಟ್ಟಿದ ಕೆಲವೇ ತಾಸಿನೊಳಗೆ ಎಲ್ಲ ಮರಿಯೂ ಗಿಣ್ಣು ಹಾಲು ಕುಡಿಯಬೇಕು. ಮೊದಲ ವಾರ ಗೂಡಿನ ಒಂದು ಮೂಲೆ 32 ಡಿಗ್ರಿ ಬೆಚ್ಚಗಿರಲಿ, ತೂಗುಬಲ್ಬು ಸಾಕು. ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸಿ. ನಮ್ಮದು ಕೆಂಪು ಮಣ್ಣು, ಕಬ್ಬಿಣ ಧಾರಾಳ, ಮರಿ ಮಣ್ಣು ನೆಕ್ಕುತ್ತದಲ್ಲ ಎನ್ನುವವರಿದ್ದಾರೆ. ನೆಕ್ಕುತ್ತದೆ, ಆದರೆ ಮಣ್ಣಿಗೆ ಇಳಿಯುವ ಮುಂಚಿನ ದಿನಗಳಿಗೆ ಅದು ಆಗುವುದಿಲ್ಲ. ಗಂಡು ಮರಿಗಳ ಬೀಜ ಎರಡು ಮೂರು ವಾರದೊಳಗೆ ಪಶುವೈದ್ಯರಿಂದ ತೆಗೆಸಿ, ಇಲ್ಲದಿದ್ದರೆ ಮಾಂಸಕ್ಕೆ ಗಂಡುವಾಸನೆ ಹಿಡಿಯುತ್ತದೆ. ರಾತ್ರಿ ಗೂಡಿನ ಬಾಗಿಲು ಭದ್ರ. ಚಿರತೆ ಎಲ್ಲರಿಗೂ ನೆನಪಿರುತ್ತದೆ, ಹೆಬ್ಬಾವು ನೆನಪಿರುವುದಿಲ್ಲ.

ರೋಗ

ಆಫ್ರಿಕನ್ ಹಂದಿಜ್ವರ ಭಾರತಕ್ಕೆ ಬಂದದ್ದು 2020ರಲ್ಲಿ, ಮೊದಲು ಅಸ್ಸಾಂ, ಅರುಣಾಚಲದಲ್ಲಿ. 2022ರಲ್ಲಿ ವಯನಾಡಿಗೆ ಬಂತು. ಮನುಷ್ಯರಿಗೆ ಹರಡುವುದಿಲ್ಲ, ಆದರೆ ಹಂದಿಗೆ ಬಂದರೆ ಔಷಧಿ ಇಲ್ಲ, ನಮ್ಮಲ್ಲಿ ಬಳಸುವ ಲಸಿಕೆಯೂ ಇಲ್ಲ. ಹಿಂಡಿಗೆ ಹಿಂಡೇ ಹೋಗುತ್ತದೆ. ವೈರಸ್ ಹಸಿ ಮಾಂಸ, ಒಣ ಮಾಂಸ, ಫ್ರಿಜ್ ಮಾಂಸದಲ್ಲಿ ತಿಂಗಳುಗಟ್ಟಲೆ ಜೀವಂತ. ಹೋಟೆಲ್ ಮುಸುರೆ ಬೇಡವೆಂದದ್ದು ಇದಕ್ಕೇ. ಹೊರಗಿಂದ ಬಂದವರ ಚಪ್ಪಲಿ, ವ್ಯಾಪಾರಿಯ ಪಿಕಪ್ ಗಾಡಿ ಯಾವುದೂ ಬೇಲಿಯೊಳಗೆ ಬರಬಾರದು. ನಿಮಗೇ ಒಂದು ಜೊತೆ ಗಂಬೂಟು ಅಲ್ಲೇ ಇರಲಿ.

ಹಳೆಯ ಹಂದಿಜ್ವರ ಬೇರೆ, ಅದಕ್ಕೆ ಲಸಿಕೆ ಇದೆ. ಕಾಲುಬಾಯಿ ಲಸಿಕೆಯೂ ಹಂದಿಗೆ ಉಂಟು. ಎರಡನ್ನೂ ಊರಿನ ಪಶುಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಪುಸ್ತಕದಲ್ಲಿ 'ಕಿವಿ, ಹೊಟ್ಟೆ ನೇರಳೆಯಾಗುತ್ತದೆ' ಎಂದು ಓದಿರುತ್ತೀರಿ. ಕಪ್ಪು ಹಂದಿಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಥರ್ಮಾಮೀಟರ್ ಇಟ್ಟುಕೊಳ್ಳಿ. ಒಂದು ಹೊತ್ತು ತಿಂಡಿ ಬಿಟ್ಟರೆ ಗುದದಲ್ಲಿ ಜ್ವರ ನೋಡಿ. 102–103 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು, 104 ದಾಟಿದರೆ ಡಾಕ್ಟರನ್ನು ಕರೆಯಿರಿ. ಇದ್ದಕ್ಕಿದ್ದಂತೆ ಸತ್ತ ಹಂದಿಯನ್ನು ಕೊಯ್ಯಬೇಡಿ, ಹಂಚಬೇಡಿ. ಮೊದಲು ಪಶುಆಸ್ಪತ್ರೆಗೆ ತಿಳಿಸಿ, ಅವರು ಹೇಳಿದ ಮೇಲೆ ಸುಣ್ಣ ಹಾಕಿ ಆಳಕ್ಕೆ ಹೂಳಿ.

ಜಂತುಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತದೆ. ಪಟ್ಟಿ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಮರಿಗೆ ಎರಡು ತಿಂಗಳಿಗೆ, ತಾಯಿಗೆ ಮರಿ ಹಾಕುವ ಮುಂಚೆ ಔಷಧಿ ಕೊಡಿಸಿ.

ಈಗ ನಮ್ಮ ಆರೋಗ್ಯ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಹರಡುವುದು ಉಣುಗು (ಉಣ್ಣೆ). ಅದರ ಕಾಲ ಹೆಚ್ಚು ಕಡಿಮೆ ಡಿಸೆಂಬರ್‌ನಿಂದ ಮೇ, ಅಂದರೆ ನಾವು ಹಂದಿಯನ್ನು ಬಯಲಿಗೆ ಬಿಡುವ ಕಾಲವೇ. ಕಾಡಂಚಿನ ಪಟ್ಟಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿ ಬಂದರೆ ಹಂದಿಗಳನ್ನು ಮನೆ ಕಡೆಯ ಪಟ್ಟಿಗೆ ತನ್ನಿ. ಇಲಿಜ್ವರ ಹಂದಿಯ ಉಚ್ಚೆಯಿಂದಲೂ ಬರುತ್ತದೆ, ಕಾಲಲ್ಲಿ ಗಾಯ ಇದ್ದರೆ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ. ಮಿದುಳು ಜ್ವರದ ವೈರಸ್ ಹಂದಿಯಲ್ಲಿ ಹೆಚ್ಚುತ್ತದೆ, ಗದ್ದೆ ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ. ಮಳೆಗಾಲದ ಸೂರು ಮನೆಯಿಂದ ದೂರ ಇರಲಿ. ಜನ ಬಯಲಲ್ಲಿ ಮಲವಿಸರ್ಜನೆಗೆ ಹೋಗುವ ಜಾಗಕ್ಕೆ ಹಂದಿ ಬಿಡಲೇಬಾರದು. ಲಾಡಿಹುಳದ ಚಕ್ರ ನಡೆಯುವುದೇ ಅಲ್ಲಿ.

ಅಕ್ಕಪಕ್ಕ, ತೂಕ, ಮಾರಾಟ

ಹಂದಿ ತರುವ ಮುಂಚೆ ಪಕ್ಕದ ಮನೆಯವರಿಗೆ ಹೇಳಿ. ದೇವಸ್ಥಾನದ ದಾರಿ, ಕುಡಿಯುವ ನೀರಿನ ದಾರಿ ತಪ್ಪಿಸಿ ಜಾಗ ನೋಡಿ. ಊರಲ್ಲಿ ಜಗಳ ಶುರುವಾಗುವುದು ವಾಸನೆಯಿಂದಲ್ಲ, ಒಂದು ಹಂದಿ ತಪ್ಪಿಸಿಕೊಂಡು ಯಾರದೋ ಶುಂಠಿ ಮಡಿ ಹೊಕ್ಕಾಗ. ಪಂಚಾಯಿತಿಯ ಅನುಮತಿ ಕಾಗದದಲ್ಲಿರಲಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಹಂದಿ ಘಟಕಕ್ಕೆ ಶೇ 50 ಸಹಾಯಧನ ಇದೆ. ಆದರೆ ಅದರ ದೊಡ್ಡ ಘಟಕದ ಲೆಕ್ಕ 100 ಹೆಣ್ಣು 10 ಗಂಡಿನದು. ಸಹಾಯಧನಕ್ಕೋಸ್ಕರ ಒಂದೆಕರೆಯವರು ಅತ್ತ ನೋಡಬೇಡಿ.

ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 69.3ರಿಂದ ಗುಣಿಸಿ. ಸುತ್ತಳತೆ 0.9, ಉದ್ದ 0.9 ಇದ್ದರೆ 50 ಕೆ.ಜಿ. ವ್ಯಾಪಾರಿ ಕಣ್ಣಳತೆಯಲ್ಲಿ 38 ಎಂದಾಗ ಇದು ಉಪಯೋಗಕ್ಕೆ ಬರುತ್ತದೆ.

ನಾಟಿ ಹಂದಿಗೆ ಬೆಲೆ ಕೊಡುವವರು ರುಚಿ ಗೊತ್ತಿದ್ದವರು. ಕೊಡಗಿನವರು, ಚಿಕ್ಕಮಗಳೂರಿನ ಎಸ್ಟೇಟ್ ಕಡೆಯವರು, ಮಂಗಳೂರು–ಉಡುಪಿಯ ಕ್ರೈಸ್ತ ಕುಟುಂಬಗಳು. ಚರ್ಮ, ಕೊಬ್ಬು ಸಮೇತ ಕೇಳುತ್ತಾರೆ. ಕಾಚಂಪುಳಿ ಹಾಕಿ ಮಾಡುವ ಪಂದಿ ಕರಿಗೆ ಕೊಬ್ಬಿಲ್ಲದ ಫಾರಂ ಹಂದಿ ಒಪ್ಪುವುದಿಲ್ಲ. ಮೇ ಕೊನೆಗೆ ಮಾರುವುದಿದ್ದರೆ ಮಾರ್ಚ್‌ನಲ್ಲೇ ಗಿರಾಕಿಗಳಿಗೆ ಹೇಳಿಟ್ಟುಕೊಳ್ಳಿ. ಕ್ರಿಸ್‌ಮಸ್‌ಗೆ ಬೇಕೆಂದವರಿಗೆ ಎರಡು ಹಂದಿ ಮಳೆಗಾಲ ದಾಟಿಸಿ ಇಟ್ಟುಕೊಳ್ಳಬಹುದು, ಆ ನಾಲ್ಕು ತಿಂಗಳ ತಿಂಡಿಯನ್ನೂ ಬೆಲೆಗೆ ಸೇರಿಸಿ ಹೇಳಿ. ಸಾಗಿಸುವ ಹಿಂದಿನ ರಾತ್ರಿ ತಿಂಡಿ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಗಾಡಿ ಹತ್ತಿಸುವುದು ಬೆಳಗ್ಗೆ ತಂಪಿನಲ್ಲಿ, ಒಂದು ಪ್ಲೈವುಡ್ ಹಲಗೆ ಪಕ್ಕಕ್ಕೆ ಹಿಡಿದುಕೊಂಡು, ಬಕೆಟ್ ಮುಂದೆ ಇಟ್ಟುಕೊಂಡು. ಕೋಲು ಬೇಡ, ಬೈಗುಳ ಬೇಡ. ಹೆದರಿ ಓಡಿದ ಹಂದಿಯ ಮಾಂಸ ಮಸುಕಾಗಿ ನೀರು ಬಿಡುತ್ತದೆ, ತಿನ್ನುವವರಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.